ಮೂಸಿಯ ದಡಕ್ಕೆ ಬಂದ ಮುದ್ದೇನಹಳ್ಳಿಯ ಎಂಜಿನಿಯರು

ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕೋಠಿಯ ಹೋಟೆಲುಗಳಲ್ಲಿ ಒಲೆ ಹೊತ್ತಿಸುವ ನಮ್ಮ ಬಂಧುಗಳೂ, ಸುಲ್ತಾನ್ ಬಜಾರಿನ ಅಂಗಡಿಗಳಲ್ಲಿ ಖಾತೆಕಿರ್ದಿ ಬರೆಯುವ ಗುಮಾಸ್ತ ಮಿತ್ರರೂ ಸೆಪ್ಟೆಂಬರ್ 15ರಂದು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಮಾಲೆ ಹಾಕುವುದನ್ನು ಕಂಡಿದ್ದಾರೆ. ಕನ್ನಂಬಾಡಿಯ ಕಟ್ಟೆಯೊಡನೆ ಅವರ ಹೆಸರನ್ನು ಸೇರಿಸಿ ಹೇಳದ ಕನ್ನಡಿಗನಿಲ್ಲ. ಆದರೆ ನಮಗೆ ಅನ್ನ ನೀಡುತ್ತಿರುವ ಈ ಪರಸ್ಥಳಕ್ಕೂ ಆ ಮಹನೀಯರಿಗೂ ಇರುವ ಸಂಬಂಧವನ್ನು ನಮ್ಮಲ್ಲಿ ಅನೇಕರು ಅರಿಯರು. ಆದುದರಿಂದ ಅವರ ಜೀವನಚರಿತ್ರೆಯನ್ನು ಇಂದು ಒಂದು ವಿಶೇಷ ದೃಷ್ಟಿಯಿಂದ ವಾಚಕರ ಮುಂದಿಡಲು ಬಯಸುತ್ತೇವೆ. ಲೋಕದಲ್ಲಿ ಬೇರೆಡೆ ಫಲ ಕೊಟ್ಟ ವಿದ್ಯೆಯನ್ನು ನಮ್ಮ ನೆಲಕ್ಕೆ ತಂದು ನಿಲ್ಲಿಸುವುದು ಹೇಗೆ ಎಂಬುದೇ ಆ ದೃಷ್ಟಿ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮನವರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಬೆಂಗಳೂರಿನಲ್ಲಿ ಮನೆಪಾಠ ಹೇಳಿ ತನ್ನ ವಿದ್ಯಾಭ್ಯಾಸದ ವೆಚ್ಚವನ್ನು ತೂಗಿಸಿಕೊಂಡನು. 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಗಳಿಸಿದರು. ಮರುವರ್ಷ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯಲ್ಲಿ ಸಹಾಯಕ ಎಂಜಿನಿಯರಾಗಿ ನೇಮಕಗೊಂಡರು.

ಅಲ್ಲಿನ ಸೇವೆಯಲ್ಲಿಯೇ ಅವರ ಕಾರ್ಯಕ್ರಮದ ರೀತಿ ಸ್ಪಷ್ಟವಾಯಿತು. ಸಿಂಧ್ ಪ್ರಾಂತದ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಕೆಲಸ ಅವರ ಪಾಲಿಗೆ ಬಂದಾಗ, ಸಿಂಧೂ ನದಿಯ ಕೆಸರುನೀರನ್ನು ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಆ ಊರಿನ ಪುರಸಭೆಯಲ್ಲಿ ಹಣವಿರಲಿಲ್ಲ. ಮರಳು ನೀರನ್ನು ಶೋಧಿಸುತ್ತದೆ ಎಂಬುದು ಎಲ್ಲರೂ ಬಲ್ಲ ಸಂಗತಿ. ಅವರು ನದಿಯ ಪಾತ್ರದಲ್ಲಿರುವ ಮರಳನ್ನೇ ಶೋಧಕವನ್ನಾಗಿ ಮಾಡಿಕೊಂಡು, ಅಲ್ಲಿಯೇ ಬಾವಿ ತೋಡಿಸಿ, ಅದರಲ್ಲಿ ಜಿನುಗಿದ ತಿಳಿನೀರನ್ನು ಊರಿಗೆ ಏರಿಸಿದರು. ತತ್ತ್ವ ಹಳೆಯದು, ಅದನ್ನು ಊರಿನ ಕೈಗೆ ಎಟುಕುವಂತೆ ಹೊಂದಿಸಿದ ಜಾಣ್ಮೆ ಹೊಸದು.

1898ರಲ್ಲಿ ಅವರು ಜಪಾನಿಗೆ ಹೋದರು. ಒಂದು ತಲೆಮಾರಿನ ಹಿಂದೆ ಕೈಕಸುಬುಗಳ ನಾಡಾಗಿದ್ದ ಆ ದೇಶವು ಪಾಶ್ಚಾತ್ಯರ ಯಂತ್ರವಿದ್ಯೆಯನ್ನು ಕಲಿತು, ತನ್ನ ಮಕ್ಕಳಿಗೆ ಕಲಿಸಿ, ತನ್ನದನ್ನಾಗಿ ಮಾಡಿಕೊಂಡಿತ್ತು. ಯಂತ್ರಕ್ಕಿಂತ ಮೊದಲು ಶಾಲೆ ಎಂಬ ಪಾಠ ಅವರಿಗೆ ಅಲ್ಲಿ ದೊರಕಿತೆಂದು ನಾವು ಭಾವಿಸುತ್ತೇವೆ; ಅವರ ಮುಂದಿನ ಕಾರ್ಯಗಳೆಲ್ಲವೂ ಈ ಮಾತಿಗೆ ಸಾಕ್ಷಿಯಾಗಿವೆ.

ಪುಣೆಗೆ ನೀರು ಕೊಡುತ್ತಿದ್ದ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ ಅವರು ರಚಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ನೀರು ಗೊತ್ತಾದ ಮಟ್ಟವನ್ನು ಮೀರಿದೊಡನೆ ತಾವಾಗಿಯೇ ತೆರೆದುಕೊಂಡು, ಪ್ರವಾಹ ಇಳಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳಿವು. ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತಾಯಿತು. ಈ ರಚನೆಗೆ ಅವರು ಪೇಟೆಂಟ್ ಪಡೆದರಾದರೂ, ಸರ್ಕಾರದ ಸೇವೆಯಲ್ಲಿದ್ದಾಗ ಮಾಡಿದ ಕೆಲಸಕ್ಕೆ ರಾಯಧನ ಸ್ವೀಕರಿಸಲು ಒಪ್ಪಲಿಲ್ಲ. ಅದೇ ಬಗೆಯ ಬಾಗಿಲುಗಳು ಮುಂದೆ ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲಿಯೂ ಕನ್ನಂಬಾಡಿಯಲ್ಲಿಯೂ ನೆಲೆಗೊಂಡವು. ಒಂದೆಡೆ ಪರೀಕ್ಷೆಗೆ ನಿಂತು ಗೆದ್ದುದನ್ನು ಮತ್ತೊಂದೆಡೆಗೆ ಒಯ್ಯುವುದು ಅವರ ಪದ್ಧತಿಯಾಗಿತ್ತು.

ಇನ್ನು ನಮ್ಮ ಊರಿನ ಕಥೆಗೆ ಬರುತ್ತೇವೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿಯು ಉಕ್ಕಿ ಹೈದರಾಬಾದನ್ನು ಮುಳುಗಿಸಿತು. ಮೇಲ್ಗಡೆಯ ಜಲಾನಯನ ಪ್ರದೇಶದಲ್ಲಿ 200ಕ್ಕೂ ಹೆಚ್ಚು ಕೆರೆಗಳು ಒಂದರ ಮೇಲೊಂದರಂತೆ ಒಡೆದು, ಮಳೆಯ ನೀರಿಗೆ ಕೆರೆಗಳ ನೀರೂ ಕೂಡಿತು. ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಸಾವಿರಾರು ಮನೆಗಳು ನೆಲಸಮವಾದವು. ಅಫ್ಜಲ್‌ಗಂಜಿನಲ್ಲಿ ಇಂದಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಯ ಮರವನ್ನು ಏರಿ ಸುಮಾರು 150 ಮಂದಿ ಬದುಕಿಕೊಂಡರೆಂದು ಇಲ್ಲಿನ ಹಿರಿಯರು ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ. ಕೋಠಿಯಿಂದ ಆ ಮರದವರೆಗೆ ನಡೆದು ಹೋಗಬಹುದು. ರಜೆಯ ದಿನ ಒಮ್ಮೆ ಹೋಗಿ ನೋಡಬೇಕೆಂದು ವಾಚಕರನ್ನು ಕೋರುತ್ತೇವೆ.

ಮುಂಬಯಿಯ ಸೇವೆಯನ್ನು ಬಿಟ್ಟು ವಿದೇಶಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರ ಏಪ್ರಿಲಿನಲ್ಲಿ ಅವರು ಇಲ್ಲಿಗೆ ಬಂದರು. ಬಂದವರು ಮೊದಲು ಕಟ್ಟೆಯ ಮಾತನ್ನೆತ್ತಲಿಲ್ಲ. ಎಲ್ಲೆಲ್ಲಿ ಎಷ್ಟೆಷ್ಟು ಮಳೆ ಬಿದ್ದಿತು, ಯಾವ ಕೆರೆ ಏಕೆ ಒಡೆಯಿತು, ನದಿ ಎಷ್ಟು ನೀರನ್ನು ಹೊತ್ತು ತಂದಿತು ಎಂಬ ಲೆಕ್ಕವನ್ನು ತೆಗೆದರು. ಅನಂತರ ಅವರು ಸೂಚಿಸಿದ ಉಪಾಯವಿದು: ನಗರದ ಮೇಲ್ಗಡೆ ಮೂಸಿಗೂ ಅದರ ಉಪನದಿಯಾದ ಈಸಿಗೂ ಜಲಾಶಯಗಳನ್ನು ಕಟ್ಟಿ, ಪ್ರವಾಹ ಬಂದಾಗ ನೀರನ್ನು ತಡೆದು, ನದಿಯ ಪಾತ್ರ ತಾಳುವಷ್ಟನ್ನು ಮಾತ್ರ ಕೆಳಗೆ ಬಿಡುವುದು. ಅದರೊಡನೆ ನಗರಕ್ಕೆ ಸರಿಯಾದ ಚರಂಡಿಯ ವ್ಯವಸ್ಥೆ. ಬೇರೆ ಎಂಜಿನಿಯರುಗಳ ಉಸ್ತುವಾರಿಯಲ್ಲಿ ಉಸ್ಮಾನ್ ಸಾಗರವು 1920ರಲ್ಲಿಯೂ ಹಿಮಾಯತ್ ಸಾಗರವು 1927ರಲ್ಲಿಯೂ ಮುಗಿದವು. ಈ ಎರಡು ಜಲಾಶಯಗಳು ಊರನ್ನು ಕಾದುದಲ್ಲದೆ, ದಶಕಗಳ ಕಾಲ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು. 2020ರ ಅಕ್ಟೋಬರಿನ ಮಹಾಮಳೆಯಲ್ಲಿ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆದ ಸುದ್ದಿ ಕೇಳಿ ಈ ನಗರದ ಜನ ಮತ್ತೊಮ್ಮೆ ಆ ಹಳೆಯ ಲೆಕ್ಕಾಚಾರದ ಬೆಲೆಯನ್ನು ನೆನೆದರು.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ತಾಯ್ನಾಡಿಗೆ ಮರಳಿದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳ ಯಂತ್ರಗಳನ್ನು ನಡೆಸುತ್ತಿತ್ತು. ಆದರೆ ಬೇಸಗೆಯಲ್ಲಿ ಕಾವೇರಿ ಬತ್ತಿದರೆ ವಿದ್ಯುತ್ತೂ ಸೊರಗುವುದು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಕಟ್ಟೆಗೆ ಹೊಲಗಳ ನೀರಾವರಿಯೊಂದೇ ಅಲ್ಲ, ಈ ವಿದ್ಯುತ್ತಿಗೆ ವರ್ಷವಿಡೀ ಒಂದೇ ಸಮನೆ ನೀರು ಒದಗಿಸುವುದೂ ಒಂದು ಮುಖ್ಯ ಉದ್ದೇಶವಾಗಿತ್ತು. ಪರದೇಶದ ದುಬಾರಿ ಸಿಮೆಂಟಿಗೆ ಬದಲಾಗಿ ನಮ್ಮ ಹಿರಿಯರು ಬಳಸುತ್ತಿದ್ದ ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಆ ಕಟ್ಟೆ ಎದ್ದಿತು. ಹೊರಗಿನದನ್ನು ತರುವಷ್ಟೇ ಶ್ರದ್ಧೆಯಿಂದ ಮನೆಯಲ್ಲಿದ್ದುದನ್ನೂ ಪರೀಕ್ಷಿಸಿ ಉಪಯೋಗಿಸಿದರೆಂಬುದು ಇಲ್ಲಿ ಗಮನಾರ್ಹ.

ಗಂಧದೆಣ್ಣೆಯ ವೃತ್ತಾಂತವೂ ಇಂಥದೇ. ಮೈಸೂರಿನ ಶ್ರೀಗಂಧದ ಕೊರಡುಗಳು ಹಡಗೇರಿ ಯೂರೋಪಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ವ್ಯಾಪಾರ ನಿಂತುಹೋಯಿತು. ಹಬೆಯಿಂದ ಎಣ್ಣೆ ಇಳಿಸುವ ವಿದ್ಯೆ ಲೋಕಕ್ಕೆ ಹೊಸದಾಗಿರಲಿಲ್ಲ. ನಮ್ಮಲ್ಲಿ ಅದನ್ನು ನಡೆಸುವವರಿರಲಿಲ್ಲ, ಅಷ್ಟೆ. ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ನರ ಮುಂದಾಳುತನದಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಪಂಡಿತರಿಂದ ಪ್ರಯೋಗ ಮಾಡಿಸಿ, 1916ರಲ್ಲಿ ಕಾರ್ಖಾನೆಯನ್ನು ತೆರೆಯಲಾಯಿತು. ಸಾಬೂನಿನ ತಯಾರಿಕೆಯೂ ಅದರ ಬೆನ್ನಿಗೇ ಬಂದಿತು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದವು. ಯಂತ್ರಕ್ಕೆ ಬಂಡವಾಳವೂ ಬೇಕು, ಅದನ್ನು ಬಲ್ಲ ಕೈಯೂ ಬೇಕು ಎಂಬುದನ್ನು ಅವರು ಮರೆಯಲಿಲ್ಲ.

ಇಲ್ಲಿಯವರೆಗೆ ಗೆಲುವಿನ ಕಥೆಯಾಯಿತು. ಅವರ ಧೈರ್ಯದ ನಿಜವಾದ ಪರೀಕ್ಷೆ ನಡೆದುದು ಭದ್ರಾವತಿಯಲ್ಲಿ. ಬಾಬಾಬುಡನ್ ಬೆಟ್ಟಗಳಲ್ಲಿ ಒಳ್ಳೆಯ ಅದುರಿತ್ತು. ಮೈಸೂರಿನಲ್ಲಿ ಕಲ್ಲಿದ್ದಲು ಇರಲಿಲ್ಲ. ಆದುದರಿಂದ ಮಲೆನಾಡಿನ ಕಟ್ಟಿಗೆಯನ್ನು ಇದ್ದಿಲು ಮಾಡಿ ಕಬ್ಬಿಣ ಕರಗಿಸುವ, ಆ ಕಟ್ಟಿಗೆಯ ಹೊಗೆಯಿಂದಲೂ ರಾಸಾಯನಿಕಗಳನ್ನು ಪಡೆಯುವ ಕಾರ್ಖಾನೆಯನ್ನು ಯೋಜಿಸಲಾಯಿತು. 1923ರಲ್ಲಿ ಕುಲುಮೆ ಹೊತ್ತುವ ವೇಳೆಗೆ ಯುದ್ಧ ಮುಗಿದು ಲೋಕದಲ್ಲಿ ಕಬ್ಬಿಣದ ಬೆಲೆ ಬಿದ್ದುಹೋಗಿತ್ತು. ಲುಕ್ಸಾನು ಬಂದಿತು, ಟೀಕೆಯೂ ಬಂದಿತು. ದಿವಾನಗಿರಿಯನ್ನು ಬಿಟ್ಟು ವರ್ಷಗಳೇ ಕಳೆದಿದ್ದ ಅವರು ತಮಗೇನು ಎಂದು ಸುಮ್ಮನಿರಬಹುದಾಗಿತ್ತು. ಹಾಗೆ ಮಾಡದೆ ಕಾರ್ಖಾನೆಯ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿ, 1929ರವರೆಗೆ ಅದನ್ನು ಹೊತ್ತರು. ಖರ್ಚಿನ ಬಾಬ್ತುಗಳನ್ನು ಒಂದೊಂದಾಗಿ ಪರಿಶೀಲಿಸಿದರು; ಹೆಚ್ಚು ಸಂಬಳದ ವಿದೇಶೀಯರ ಸ್ಥಾನಕ್ಕೆ ನಮ್ಮವರನ್ನೇ ತರಬೇತು ಮಾಡಿ ತಂದರು; ಬರಿಯ ಬೀಡುಕಬ್ಬಿಣವನ್ನು ಮಾರುವುದರ ಜೊತೆಗೆ ಕೊಳವೆಗಳನ್ನು ಎರಕಹೊಯ್ಯುವ ಕೆಲಸವನ್ನೂ ಬೆಳೆಸಿದರು. 1930ರ ದಶಕದಲ್ಲಿ ಅಲ್ಲಿ ಉಕ್ಕೂ ಸಿಮೆಂಟೂ ತಯಾರಾಗತೊಡಗಿದವು. ಆ ಸೇವೆಗಾಗಿ ತಮಗೆ ಸಂದ ಸಂಭಾವನೆಯನ್ನು ಅವರು ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಟ್ಟುಬಿಟ್ಟರು. ಅದು 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರರ ಹೆಸರಿನಲ್ಲಿ ಆರಂಭವಾಯಿತು.

ಅದೇ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಆರಂಭದಲ್ಲಿ ಪ್ರಕಟವಾದಾಗ ಕಾರ್ಮಿಕರು ಬೀದಿಗಿಳಿದುದನ್ನು ವಾಚಕರು ಬಲ್ಲರು. ಒಂದು ಕಾಲಕ್ಕೆ ಪರೀಕ್ಷಿತವಾದ ಯಂತ್ರವೂ ಮುದಿಯಾಗುತ್ತದೆ. ಕಾಲಕಾಲಕ್ಕೆ ಅದನ್ನು ನವೀಕರಿಸುವವರಿಲ್ಲದಿದ್ದರೆ ಅದರ ಭಾರ ಕೊನೆಗೆ ದುಡಿಯುವವನ ತಲೆಯ ಮೇಲೆಯೇ ಬೀಳುತ್ತದೆ.

ಇದನ್ನು ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಿಗೆ ಬರುತ್ತದೆ. ನಾವು ಹೋಟೆಲು ನಡೆಸುತ್ತಿದ್ದಾಗ, ಕರಾವಳಿಯ ಸ್ನೇಹಿತರೊಬ್ಬರ ಅಡಿಗೆಮನೆಯಲ್ಲಿ ಹಬೆಯ ಬಾಯ್ಲರು ನೂರಾರು ಇಡ್ಲಿಗಳನ್ನು ಕ್ಷಣಮಾತ್ರದಲ್ಲಿ ಬೇಯಿಸುವುದನ್ನು ಕಂಡು, ಅಂಥದನ್ನೇ ತರಿಸಿದೆವು. ಸೌದೆಯ ಒಲೆಯನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದ ಆಳಿಗೆ ಲೆಕ್ಕ ತೀರಿಸಿ ಕಳುಹಿಸಿದೆವು. ಕರಾವಳಿಯ ಮೆದು ನೀರೇ ಬೇರೆ, ಇಲ್ಲಿನ ಕೊಳವೆಬಾವಿಯ ಗಡಸು ನೀರೇ ಬೇರೆ ಎಂಬುದನ್ನು ಯೋಚಿಸಲಿಲ್ಲ. ಕೆಲವೇ ತಿಂಗಳಲ್ಲಿ ಕೊಳವೆಗಳೊಳಗೆ ಸುಣ್ಣ ಕಟ್ಟಿ ಬಾಯ್ಲರು ನಿಂತಿತು. ಒಲೆ ಹೊತ್ತಿಸೋಣವೆಂದರೆ ಅದನ್ನು ಬಲ್ಲವನು ಊರು ಸೇರಿದ್ದನು. ನೀರನ್ನು ಮೆದು ಮಾಡುವ ಸಾಧನವನ್ನು ಮೊದಲೇ ಹಾಕಿಸಿ, ಆ ಮನುಷ್ಯನಿಗೇ ಬಾಯ್ಲರಿನ ಕೆಲಸವನ್ನು ಕಲಿಸಿದ್ದರೆ ಎರಡೂ ಉಳಿಯುತ್ತಿದ್ದವು. ಯಂತ್ರದಲ್ಲಿ ದೋಷವಿರಲಿಲ್ಲ, ಅಳೆಯದೆ ತಂದ ನಮ್ಮಲ್ಲಿತ್ತು.

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು 1962ರ ಏಪ್ರಿಲಿನಲ್ಲಿ, ನೂರು ವರ್ಷದ ತುಂಬುಜೀವನವನ್ನು ಮುಗಿಸಿ ಕಾಲವಾದರು. ಅವರ ಬುದ್ಧಿಶಕ್ತಿ ಎಲ್ಲರಿಗೂ ಬರತಕ್ಕದ್ದಲ್ಲ. ಆದರೆ ಅವರ ಕ್ರಮವನ್ನು ನಾವೂ ಅನುಸರಿಸಬಹುದು: ಮೊದಲು ನೋಡುವುದು, ಬಳಿಕ ನಮ್ಮ ನೀರು, ನೆಲ, ಜೇಬುಗಳಿಗೆ ಹೊಂದುವುದೇ ಎಂದು ಅಳೆಯುವುದು, ದುಡಿಯುವವನಿಗೆ ಕಲಿಸುವುದು, ನಷ್ಟ ಬಂದರೆ ಹೆಗಲು ಕೊಡುವುದು. ಹೊಸ ಯಂತ್ರ ತರುವ ಮಾಲಿಕರು ಇದನ್ನು ನೆನೆಯಲಿ. ಯಂತ್ರ ಬಂದಿತೆಂದು ಅಂಜುವ ನಮ್ಮ ಕೆಲಸಗಾರ ಬಂಧುಗಳು, ಅದನ್ನು ನಡೆಸುವ ವಿದ್ಯೆಯನ್ನು ತಮಗೂ ಕಲಿಸಿರೆಂದು ಮಾಲಿಕರನ್ನು ಕೇಳಲು ಸಂಕೋಚಪಡದಿರಲಿ.