ಪಟೇಲರಿಗೆ ತಡವಾಗಿ ಒಂದು ನುಡಿನಮನ

ಮಾಜಿ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಹೆಸರು ಎತ್ತಿದೊಡನೆ ಕೇಳುವವರ ಮುಖದಲ್ಲಿ ಮುಗುಳ್ನಗೆ ಮೂಡುತ್ತದೆ. ಅವರ ಚಟಾಕಿಗಳು ಊರೂರು ಸುತ್ತಿ, ಅವರೇ ಆಡಿದವು ಯಾವುವು, ಇತರರು ಅವರ ಹೆಸರಿಗೆ ಅಂಟಿಸಿದವು ಯಾವುವು ಎಂದು ಬೇರ್ಪಡಿಸಲಾಗದಷ್ಟು ಬೆಳೆದಿವೆ. 2000ದ ಡಿಸೆಂಬರ್ 12ರಂದು ಅವರು ನಿಧನರಾದರು. ಕಾಲು ಶತಮಾನದ ಬಳಿಕ ಜನಮನದಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ನಗೆಯೊಂದೇ. ಮೂರು ವರ್ಷಕ್ಕೂ ಹೆಚ್ಚು ಕಾಲ ರಾಜ್ಯವನ್ನು ಆಳಿ, ಅದರ ಆಡಳಿತದ ಭೂಪಟವನ್ನೇ ಬದಲಿಸಿದ ವ್ಯಕ್ತಿಗೆ ಇಷ್ಟು ಸಾಲದು.

ಪಟೇಲರ ಬಗ್ಗೆ ಒಂದು ಸಂಸ್ಮರಣ ಲೇಖನ ಬರೆದುಕೊಡಬೇಕೆಂದು ಚನ್ನಗಿರಿಯ ಮಿತ್ರರೊಬ್ಬರು ಕೇಳಿದಾಗ ನಾನು ನಗೆಹನಿಗಳನ್ನು ಪಕ್ಕಕ್ಕಿರಿಸಿದೆ. ಗೆಜೆಟ್ ಅಧಿಸೂಚನೆಗಳು, ಚುನಾವಣಾ ಫಲಿತಾಂಶಗಳು, ವರದಿಗಳು, ಕಾಯ್ದೆಗಳು, ಇವನ್ನು ಓದತೊಡಗಿದೆ. ಆಡಳಿತದಲ್ಲಿ ದುಡಿದವನಿಗೆ ಮನುಷ್ಯರನ್ನು ಅಳೆಯಲು ಗೊತ್ತಿರುವ ದಾರಿ ಅದೇ. ಆಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಓಡಾಡಿದೆ. ಪಟೇಲರ ನಿರ್ಧಾರವೊಂದರಿಂದ ಜಿಲ್ಲೆಯೇ ಬದಲಾದ ಊರುಗಳು ಇವು.

ಜಯದೇವಪ್ಪ ಹಾಲಪ್ಪ ಪಟೇಲ್ ಹುಟ್ಟಿದ್ದು 1930ರ ಅಕ್ಟೋಬರ್ 1ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಪಟೇಲನೆಂದರೆ ಸರ್ಕಾರವೇ. ಕಂದಾಯ ವಸೂಲಿಯಿಂದ ಹಿಡಿದು ಊರಿನ ಜಗಳದವರೆಗೆ ಎಲ್ಲವೂ ಅವನ ಜಗಲಿಗೆ ಬರುತ್ತಿತ್ತು. ಆ ಹೆಸರನ್ನು ಹೊತ್ತ ತರುಣ ಕಾನೂನು ಓದಿ ಸಮಾಜವಾದಿಯಾದದ್ದು ಆ ಕಾಲದ ಶಿವಮೊಗ್ಗ ಜಿಲ್ಲೆಯ ಮಹಿಮೆ. 1951ರ ಕಾಗೋಡು ಸತ್ಯಾಗ್ರಹ ಅಲ್ಲಿ ಗೇಣಿದಾರನ ಪ್ರಶ್ನೆಯನ್ನು ರಾಜಕೀಯದ ನಡುವೆ ತಂದು ನಿಲ್ಲಿಸಿತ್ತು. ರಾಮಮನೋಹರ ಲೋಹಿಯಾ ಅವರ ವಿಚಾರ ಮತ್ತು ಶಾಂತವೇರಿ ಗೋಪಾಲಗೌಡರ ನಾಯಕತ್ವ ಒಂದು ಪೀಳಿಗೆಯನ್ನೇ ರೂಪಿಸಿದ್ದವು. ಪಟೇಲರು ಆ ಪೀಳಿಗೆಗೆ ಸೇರಿದವರು.

1967ರಲ್ಲಿ ಅವರು ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಶಿವಮೊಗ್ಗ ಕ್ಷೇತ್ರವನ್ನು ಗೆದ್ದು ಲೋಕಸಭೆಗೆ ಹೋದರು. ಇಡೀ ದೇಶದಲ್ಲಿ ಆ ಪಕ್ಷಕ್ಕೆ ಸಿಕ್ಕಿದ್ದು 23 ಸ್ಥಾನ. ಆ ಸದನದಲ್ಲಿ ಮೊತ್ತಮೊದಲು ಕನ್ನಡದಲ್ಲಿ ಮಾತನಾಡಿದ ಸದಸ್ಯರೆಂಬ ಹೆಸರು ಅವರದಾಯಿತು. ಆಗ ಸ್ಪೀಕರ್ ಆಗಿದ್ದವರು ನೀಲಂ ಸಂಜೀವರೆಡ್ಡಿ. ಈ ಘಟನೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರ ಸೂಕ್ಷ್ಮವನ್ನು ಗಮನಿಸುವುದಿಲ್ಲ. ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು, ಆ ಎರಡರಲ್ಲಿ ತನ್ನ ಅಭಿಪ್ರಾಯವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು ಎನ್ನುತ್ತದೆ ಸಂವಿಧಾನದ 120ನೇ ವಿಧಿ. ಅಂದರೆ ಅದು ಅಶಕ್ತರಿಗೆಂದು ಇಟ್ಟ ರಿಯಾಯಿತಿ. ಪಟೇಲರು ಕಾನೂನು ಪದವೀಧರರು, ಇಂಗ್ಲಿಷ್ ಬಾರದವರಲ್ಲ. ರಿಯಾಯಿತಿಯಂತೆ ಇದ್ದುದನ್ನು ಅವರು ಹಕ್ಕಿನಂತೆ ಬಳಸಿದರು. ಇಂದು ಸಂಸತ್ತಿನಲ್ಲಿ ಕನ್ನಡಕ್ಕೆ ಏಕಕಾಲಿಕ ಅನುವಾದದ ವ್ಯವಸ್ಥೆಯಿದೆ. ಅಂದು ಅದಿಲ್ಲದ ಸದನದಲ್ಲಿ, ಬಹುಪಾಲು ಸದಸ್ಯರಿಗೆ ಅರ್ಥವಾಗದ ನುಡಿಯಲ್ಲಿ ಎದ್ದು ನಿಂತು ಮಾತನಾಡಲು ಧೈರ್ಯ ಬೇಕಿತ್ತು.

1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಹೋದವು. ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಸೆರೆಮನೆ ಕಂಡರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. 1983, 1985 ಮತ್ತು 1994ರಲ್ಲೂ ಅದೇ ಕ್ಷೇತ್ರ ಅವರನ್ನು ಆರಿಸಿತು. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವರಾಗಿದ್ದಾಗ ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳ್ತನದಲ್ಲಿ ಜಿಲ್ಲಾ ಪರಿಷತ್ತುಗಳು ರೂಪುಗೊಂಡದ್ದನ್ನು ಅವರು ಹತ್ತಿರದಿಂದ ಕಂಡರು. ಅಧಿಕಾರ ಬೆಂಗಳೂರಿನಿಂದ ಕೆಳಗಿಳಿಯಬೇಕೆಂಬ ಮಾತು ಆ ದಶಕದಲ್ಲಿ ಘೋಷಣೆಯಾಗಿ ಉಳಿಯದೆ ಕಾಯ್ದೆಯಾಯಿತು.

1994ರಲ್ಲಿ ಎಚ್.ಡಿ. ದೇವೇಗೌಡರ ಸಂಪುಟದಲ್ಲಿ ಉಪಮುಖ್ಯಮಂತ್ರಿಯಾದ ಪಟೇಲರು, ಗೌಡರು ಪ್ರಧಾನಿಯಾಗಲು ಹೊರಟಾಗ, 1996ರ ಮೇ 31ರಂದು ಮುಖ್ಯಮಂತ್ರಿಯಾದರು. ಕುರ್ಚಿ ಸುಲಭವಾಗಿ ಬಂದರೂ ಕೂರುವುದು ಸುಲಭವಿರಲಿಲ್ಲ. ಕೆಲವೇ ದಿನಗಳಲ್ಲಿ ಹೆಗಡೆಯವರನ್ನು ಜನತಾದಳ ಉಚ್ಚಾಟಿಸಿತು. ಅಲ್ಲಿಂದ ಮುಂದೆ ಪಕ್ಷದ ಬಿರುಕು ಅಗಲವಾಗುತ್ತಲೇ ಹೋಯಿತು. 1998ರ ಲೋಕಸಭಾ ಚುನಾವಣೆಯಲ್ಲಿ ಆಡಳಿತ ಪಕ್ಷಕ್ಕೆ ರಾಜ್ಯದ 28 ಸ್ಥಾನಗಳಲ್ಲಿ ದಕ್ಕಿದ್ದು ಕೇವಲ 3.

ಆದರೂ ಆ ಅವಧಿಯ ದಾಖಲೆ ಬರಿದಲ್ಲ. 1997ರಲ್ಲಿ ಮಾಹಿತಿ ತಂತ್ರಜ್ಞಾನಕ್ಕೆ ಪ್ರತ್ಯೇಕ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕವಾಯಿತು. 1998ರ ಆಗಸ್ಟ್‌ನಲ್ಲಿ ಕಾವೇರಿ ನದಿ ಪ್ರಾಧಿಕಾರದ ರಚನೆಗೆ ದಾರಿ ಮಾಡಿದ ಒಪ್ಪಂದದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರು ಪಟೇಲರು. 1999ರ ವಿದ್ಯುತ್ ಸುಧಾರಣಾ ಕಾಯ್ದೆಯ ಮೂಲಕ ವಿದ್ಯುಚ್ಛಕ್ತಿ ಮಂಡಳಿಯ ಜಾಗದಲ್ಲಿ ನಿಗಮವೂ, ದರ ನಿಗದಿಗೆ ನಿಯಂತ್ರಣ ಆಯೋಗವೂ ಬಂದವು. ಲೋಹಿಯಾವಾದಿಯೊಬ್ಬರ ಕಾಲದಲ್ಲಿ ಇಂಥ ಸುಧಾರಣೆ ಮೊದಲಾದದ್ದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಂದಿಗೂ ಕುತೂಹಲದ ವಿಷಯ.

ಆದರೆ ಅವರ ಅವಧಿಯ ದೊಡ್ಡ ಕೆಲಸ ಏಳು ಹೊಸ ಜಿಲ್ಲೆಗಳು. 1997ರ ಆಗಸ್ಟ್‌ನಲ್ಲಿ, ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ಹೊತ್ತಿಗೆ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ, ಚಾಮರಾಜನಗರ ಮತ್ತು ದಾವಣಗೆರೆ ಜಿಲ್ಲೆಗಳು ಹುಟ್ಟಿದವು. ಜಿಲ್ಲೆಗಳ ಸಂಖ್ಯೆ 20ರಿಂದ 27ಕ್ಕೆ ಏರಿತು. ಪುನರ್ವಿಂಗಡಣೆಯ ಬಗ್ಗೆ ವಾಸುದೇವರಾವ್, ಹುಂಡೇಕರ್, ಗದ್ದಿಗೌಡರ್ ಸಮಿತಿಗಳು ಕೊಟ್ಟ ವರದಿಗಳು ಅಷ್ಟರಲ್ಲಿ ಸಚಿವಾಲಯದಲ್ಲಿ ಧೂಳು ತಿಂದಿದ್ದವು. ಯಾವ ಗೆರೆಯನ್ನು ಎಲ್ಲಿ ಎಳೆದರೂ ಒಂದು ಊರು ಸಂತೋಷಪಟ್ಟು ಇನ್ನೊಂದು ಬಂದ್ ಆಚರಿಸುತ್ತದೆಂಬ ಭಯದಿಂದ ಸರ್ಕಾರಗಳು ಮುಂದೂಡುತ್ತಿದ್ದ ವಿಷಯ ಅದು. ಒಳಜಗಳದಿಂದ ನಲುಗುತ್ತಿದ್ದ ಸರ್ಕಾರವೊಂದು ಅದನ್ನು ಒಂದೇ ಬಾರಿಗೆ ಮಾಡಿ ಮುಗಿಸಿತು.

ಆಗ ಸೇವೆಯಲ್ಲಿದ್ದ ನನ್ನಂಥವರಿಗೆ ಅದರ ಭಾರ ಗೊತ್ತು. ಅಧಿಸೂಚನೆ ಒಂದು ಪುಟ. ಅದರ ಹಿಂದೆ ಬರುವುದು ವರ್ಷಗಟ್ಟಲೆ ಕೆಲಸ. ಹಳೆಯ ದಾಖಲೆ ಕೊಠಡಿಯಿಂದ ತಾಲ್ಲೂಕಿನ ಕಡತಗಳನ್ನು ಹೆಕ್ಕಿ ತೆಗೆಯಬೇಕು, ಮೇಲ್ಮನವಿ ಪ್ರಕರಣಗಳನ್ನು ವರ್ಗಾಯಿಸಬೇಕು, ಖಜಾನೆಯ ಲೆಕ್ಕ ಬೇರೆ ಮಾಡಬೇಕು, ನೌಕರರನ್ನು ಹಂಚಬೇಕು. ಇಷ್ಟು ಮಾಡಿದ ಮೇಲೂ ಹಳೆಯ ಪಹಣಿಯ ನಕಲಿಗೆ ರೈತ ಹಳೆಯ ಜಿಲ್ಲೆಯ ಬಸ್ಸನ್ನೇ ಹತ್ತಬೇಕಾಗುತ್ತಿತ್ತು.

ಯಲಬುರ್ಗಾದ ರೈತನಿಗೆ ರಾಯಚೂರಿನ ಬದಲು ಕೊಪ್ಪಳ, ಹಿರೇಕೆರೂರಿನವನಿಗೆ ಧಾರವಾಡದ ಬದಲು ಹಾವೇರಿ ಸಿಕ್ಕಿದ್ದು ನೇರವಾದ ಲಾಭ. ದಾವಣಗೆರೆಯ ಕಥೆ ಅಷ್ಟು ಸರಳವಲ್ಲ. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ. ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು. ಬಳ್ಳಾರಿಯಿಂದ ಹರಪನಹಳ್ಳಿ, ಹೀಗೆ ಮೂರು ಜಿಲ್ಲೆಗಳ ಆರು ತಾಲ್ಲೂಕು ಸೇರಿಸಿ ಅದನ್ನು ಕಟ್ಟಲಾಯಿತು. ಭದ್ರಾ ನಾಲೆ, ಸೂಳೆಕೆರೆ, ಅಡಿಕೆ ತೋಟಗಳ ಚನ್ನಗಿರಿಯೂ, ಮಳೆಗಾಗಿ ಆಕಾಶ ನೋಡುವ ಜಗಳೂರೂ ಒಬ್ಬನೇ ಜಿಲ್ಲಾಧಿಕಾರಿಯ ಕೈಗೆ ಬಂದವು.

ಚನ್ನಗಿರಿಯಿಂದ ಶಿವಮೊಗ್ಗಕ್ಕೂ ದಾವಣಗೆರೆಗೂ ದೂರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಜಗಳೂರಿಗೆ ಚಿತ್ರದುರ್ಗವೇನೂ ದಾವಣಗೆರೆಗಿಂತ ದೂರದ ಊರಲ್ಲ. ನ್ಯಾಮತಿಗಂತೂ ಶಿವಮೊಗ್ಗವೇ ಹತ್ತಿರ. ಸಂತೆ, ಆಸ್ಪತ್ರೆ, ಕಾಲೇಜು ಎಂದರೆ ಅಲ್ಲಿಯ ಜನ ಇಂದಿಗೂ ಅತ್ತ ಮುಖ ಮಾಡುತ್ತಾರೆ. ಹಾಗಾದರೆ ಮುಖ್ಯಮಂತ್ರಿ ತಮ್ಮ ಸ್ವಂತ ತಾಲ್ಲೂಕಿಗೆ ಕೊಟ್ಟದ್ದಾದರೂ ಏನು? ಉತ್ತರ ಕಿಲೋಮೀಟರಿನಲ್ಲಿಲ್ಲ, ತಾಲ್ಲೂಕುಗಳ ಎಣಿಕೆಯಲ್ಲಿದೆ. ವಿಭಜನೆಗೆ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿ 9, ಚಿತ್ರದುರ್ಗದಲ್ಲಿ 9 ತಾಲ್ಲೂಕುಗಳಿದ್ದವು. ಆನಂತರ ಶಿವಮೊಗ್ಗಕ್ಕೆ 7, ಚಿತ್ರದುರ್ಗಕ್ಕೆ 6, ದಾವಣಗೆರೆಗೆ 6 ಆದವು. ಜಿಲ್ಲಾಧಿಕಾರಿಯ ಮೇಜಿನ ಮೇಲೆ ಹೊನ್ನಾಳಿಯ ಕಡತ ಒಂಬತ್ತರಲ್ಲಿ ಒಂದಾಗಿದ್ದುದು ಆರರಲ್ಲಿ ಒಂದಾಯಿತು. ದೂರ ಕಡಿಮೆಯಾಗದಿದ್ದರೂ ಸರದಿ ಕಡಿಮೆಯಾಯಿತು.

ಆದರೆ ಗೆರೆ ಎಳೆಯುವುದೇ ಅಭಿವೃದ್ಧಿಯಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಇದ್ದವು. ಜಿಲ್ಲೆ ಹುಟ್ಟಿ ಐದು ವರ್ಷವಾಗಿತ್ತು. ಅದನ್ನು ಹುಟ್ಟಿಸಿದ ಮುಖ್ಯಮಂತ್ರಿಯ ಊರೂ ಪಟ್ಟಿಯಿಂದ ತಪ್ಪಿಸಿಕೊಂಡಿರಲಿಲ್ಲ. ಇದನ್ನು ಪಟೇಲರ ವೈಫಲ್ಯವೆಂದು ಓದಬಹುದು. ಅಧಿಕಾರದಲ್ಲಿದ್ದಾಗ ತಮ್ಮ ಕ್ಷೇತ್ರಕ್ಕೆ ಖಜಾನೆಯನ್ನು ತಿರುಗಿಸಿಕೊಳ್ಳಲಿಲ್ಲವೆಂದೂ ಓದಬಹುದು. ಎರಡೂ ಓದಿನಲ್ಲಿ ಸತ್ಯವಿದೆ ಎಂಬುದು ನನ್ನ ಅಭಿಪ್ರಾಯ. ಹರಪನಹಳ್ಳಿ ಇನ್ನೊಂದು ಪಾಠ ಹೇಳುತ್ತದೆ. ಬಳ್ಳಾರಿಗಿಂತ ದಾವಣಗೆರೆ ಅದಕ್ಕೆ ಬಹಳ ಹತ್ತಿರ. ಆದರೂ 371ಜೆ ವಿಧಿಯ ಸೌಲಭ್ಯಕ್ಕಾಗಿ ಅದು 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕಚೇರಿಯ ಸಾಮೀಪ್ಯಕ್ಕಿಂತ ಉದ್ಯೋಗ ಮತ್ತು ಶಿಕ್ಷಣದ ಮೀಸಲಾತಿ ದೊಡ್ಡದೆಂದು ಜನ ಲೆಕ್ಕ ಹಾಕಿದರು. ಇತ್ತ ಹೊನ್ನಾಳಿಯ ಹೋಬಳಿಯಾಗಿದ್ದ ನ್ಯಾಮತಿ 2018ರಲ್ಲಿ ತಾಲ್ಲೂಕಾಯಿತು. ವಿಂಗಡಣೆ ಮುಗಿಯುವ ಕೆಲಸವಲ್ಲ. ಪಟೇಲರ ನಂತರ ಜಿಲ್ಲೆಗಳ ಸಂಖ್ಯೆ 31ಕ್ಕೆ ಬಂದಿದೆ, ಬೆಳಗಾವಿಯಂಥ ದೊಡ್ಡ ಜಿಲ್ಲೆಯ ವಿಭಜನೆಯ ಬೇಡಿಕೆ ಜೀವಂತವಾಗಿದೆ. ಹೊಸ ಜಿಲ್ಲೆ ಕೇಳುವವರು ದೂರದ ಜೊತೆಗೆ ಸಿಬ್ಬಂದಿ, ಹಣ, ದಾಖಲೆಗಳ ಲೆಕ್ಕವನ್ನೂ ಕೇಳಬೇಕೆಂಬುದು 1997ರ ಅನುಭವದ ಸಾರ.

ಖರ್ಚಿನ ಪುಟವನ್ನೂ ಬರೆಯಬೇಕು. ಪಟೇಲರ ಆಡಳಿತ ಜಡವೆಂಬ ದೂರು ಆ ಕಾಲದಲ್ಲಿ ವ್ಯಾಪಕವಾಗಿತ್ತು. ಭಿನ್ನಮತೀಯರನ್ನು ಅವರು ಹಾಸ್ಯದಿಂದ ತಣಿಸಿದರೇ ಹೊರತು ಶಿಸ್ತಿನಿಂದ ಹಿಡಿಯಲಿಲ್ಲ. ತಮ್ಮ ದೌರ್ಬಲ್ಯಗಳನ್ನು ಮುಚ್ಚಿಡದ ಅವರ ಪ್ರಾಮಾಣಿಕತೆ ಮೆಚ್ಚುವಂಥದಾದರೂ ಅದು ಆಡಳಿತದ ಸಡಿಲಿಕೆಗೆ ಉತ್ತರವಾಗದು. 1999ರಲ್ಲಿ ಜನತಾದಳ ಒಡೆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಚುನಾವಣೆಯಲ್ಲಿ ಕಾಂಗ್ರೆಸ್ 132 ಸ್ಥಾನ ಪಡೆದರೆ ಪಟೇಲರಿದ್ದ ಸಂಯುಕ್ತ ಜನತಾದಳಕ್ಕೆ 18 ಬಂದವು. ಚನ್ನಗಿರಿಯೂ ಅವರನ್ನು ಸೋಲಿಸಿತು. ಮುಂದಿನ ವರ್ಷವೇ ಅವರು ತೀರಿಕೊಂಡರು, ವಯಸ್ಸು 70.

ಈ ಎಲ್ಲ ಕಾಗದಗಳನ್ನು ಓದಿ ಮುಗಿಸಿದಾಗ ನನಗೆ ಅವರ ಜೀವನದ ಎರಡು ಕೆಲಸಗಳು ಒಂದೇ ಕೆಲಸದಂತೆ ಕಂಡವು. 1967ರಲ್ಲಿ ಸದನದ ಭಾಷೆ, 1997ರಲ್ಲಿ ಜಿಲ್ಲೆಯ ಗಡಿ. ಆಳಿಸಿಕೊಳ್ಳುವವನು ತನ್ನ ಮಾತು ಬಿಟ್ಟು, ತನ್ನ ಊರು ಬಿಟ್ಟು ಸರ್ಕಾರದ ಬಳಿಗೆ ನಡೆಯಬೇಕಾದ ದಾರಿಯನ್ನು ಒಂದಿಷ್ಟು ಕಡಿಮೆ ಮಾಡುವುದು ಎರಡರ ಉದ್ದೇಶವೂ ಆಗಿತ್ತು. ಮೊದಲನೆಯದು ಪೂರ್ತಿ ಸಾಧಿಸಿತು, ಎರಡನೆಯದು ಅರ್ಧ. ಪಟೇಲರ ಚರಮಗೀತೆಯಲ್ಲಿ ನಗೆಗೆ ಒಂದು ಸಾಲು ಇರಲಿ. ಉಳಿದ ಸಾಲುಗಳು ಕಾರಿಗನೂರಿನಿಂದ ದೆಹಲಿಗೆ ಕನ್ನಡ ಒಯ್ದ ಸಂಸದನಿಗೂ, ಹೆದರದೆ ಭೂಪಟ ತಿದ್ದಿದ ಮುಖ್ಯಮಂತ್ರಿಗೂ ಸಲ್ಲಬೇಕು. ಉಳಿದ ಅರ್ಧವನ್ನು ಜಗಳೂರು, ನ್ಯಾಮತಿಗಳ ತಾಲ್ಲೂಕು ಕಚೇರಿಗಳಲ್ಲಿ ಪೂರೈಸಬೇಕಾದ ಹೊಣೆ ಅವರ ನಂತರದವರದು.