ಕಹಾಲ್ ಮತ್ತು ಕಪ್ಪು ಕೋಶಗಳು

ಮಷೀನ್ ಲರ್ನಿಂಗ್ ಕ್ಲಾಸಲ್ಲಿ ಬೋರ್ಡ್ ತುಂಬ ವೃತ್ತಗಳನ್ನು ಬರೆದು, ನಡುವೆ ಗೆರೆ ಎಳೆದು, ಇದು ನ್ಯೂರಲ್ ನೆಟ್‌ವರ್ಕ್ ಅಂತಾರಲ್ಲ, ಅದರಲ್ಲಿ ಒಂದೊಂದು ವೃತ್ತವೂ ಬೇರೆ. ನಮ್ಮ ಮಿದುಳಲ್ಲೂ ನರಕೋಶಗಳು ಹೀಗೇ ಬಿಡಿಬಿಡಿಯಾಗಿವೆ ಎಂದು ತೋರಿಸಿದವರು ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲ್.

ಹುಟ್ಟಿದ್ದು 1852ರಲ್ಲಿ. ಅಪ್ಪ ಡಾಕ್ಟರು. ಮಗನಿಗೆ ಚಿತ್ರ ಬರೆಯೋ ಹುಚ್ಚು. ಅದು ಬಿಡಲಿ ಅಂತ ಅಪ್ಪ ಅವನನ್ನು ಕ್ಷೌರಿಕರ ಹತ್ತಿರ, ಚಮ್ಮಾರರ ಹತ್ತಿರ ಕೆಲಸಕ್ಕೆ ಹಾಕಿದರು. ಹನ್ನೊಂದನೇ ವಯಸ್ಸಲ್ಲಿ ಹುಡುಗ ತಾನೇ ಒಂದು ಫಿರಂಗಿ ಮಾಡಿ ಪಕ್ಕದ ಮನೆಯ ಗೇಟು ಹಾರಿಸಿ ಜೈಲಿಗೂ ಹೋಗಿಬಂದ! ಕೊನೆಗೆ ಅಪ್ಪನೇ ಸ್ಮಶಾನಕ್ಕೆ ಕರೆದುಕೊಂಡು ಹೋಗಿ ಮೂಳೆಗಳನ್ನು ತೋರಿಸಿದಾಗ ಆ ಚಿತ್ರದ ಹುಚ್ಚು ಅನಾಟಮಿ ಕಡೆ ತಿರುಗಿತು. 1873ರಲ್ಲಿ ಡಾಕ್ಟರಾದರು, ಸೈನ್ಯದ ಜೊತೆ ಕ್ಯೂಬಾಗೆ ಹೋಗಿ ಮಲೇರಿಯಾ ಹಿಡಿಸಿಕೊಂಡು ವಾಪಸ್ ಬಂದರು. ಆ ಸಂಬಳದಲ್ಲಿ ಉಳಿದ ದುಡ್ಡು ಹೋಗಿದ್ದು ಮೈಕ್ರೋಸ್ಕೋಪಿಗೆ.

ತಿರುವು ಬಂದಿದ್ದು 1887ರಲ್ಲಿ, ಬೇರೆಯವರ ಲ್ಯಾಬಲ್ಲಿ. ಮ್ಯಾಡ್ರಿಡ್‌ನಲ್ಲಿ ಲೂಯಿಸ್ ಸಿಮಾರ್ರೊ ಎಂಬ ವೈದ್ಯರು ತಮ್ಮ ಸ್ಲೈಡುಗಳನ್ನು ಕಹಾಲ್‌ಗೆ ತೋರಿಸಿದರು. ಹಳದಿ ಹಿನ್ನೆಲೆಯಲ್ಲಿ ಅಚ್ಚ ಕಪ್ಪಾದ ನರಕೋಶ, ಅದರ ಎಳೆ ಎಳೆಯೂ ಸ್ಪಷ್ಟ. ಈ ವಿಧಾನವನ್ನು 1873ರಲ್ಲಿ ಕಂಡುಹಿಡಿದಿದ್ದವರು ಇಟಲಿಯ ಕ್ಯಾಮಿಲ್ಲೊ ಗಾಲ್ಜಿ, ಅದೂ ಒಂದು ಆಸ್ಪತ್ರೆಯ ಅಡುಗೆಮನೆಯನ್ನೇ ಲ್ಯಾಬ್ ಮಾಡಿಕೊಂಡು.

ವಿಧಾನ ಹೀಗೆ. ಹಸಿ ಮಿದುಳು ಬೆಣ್ಣೆಯಷ್ಟು ಮೆತ್ತಗೆ, ತೆಳ್ಳಗೆ ಕತ್ತರಿಸೋಕೆ ಆಗಲ್ಲ. ಅದಕ್ಕೆ ಮೊದಲು ಅದನ್ನು ದಿನಗಟ್ಟಲೆ ಪೊಟ್ಯಾಸಿಯಂ ಡೈಕ್ರೋಮೇಟ್‌ನಲ್ಲಿಟ್ಟು ಗಟ್ಟಿ ಮಾಡಬೇಕು. ಆಮೇಲೆ ಸಿಲ್ವರ್ ನೈಟ್ರೇಟ್. ಕೋಶದೊಳಗೆ ಸಿಲ್ವರ್ ಕ್ರೋಮೇಟ್ ಕೂತು ಕಪ್ಪಾಗುತ್ತದೆ. ಆದರೆ ನೂರಕ್ಕೆ ಕೆಲವೇ ಕೋಶಗಳಿಗೆ ಮಾತ್ರ ಬಣ್ಣ ಹಿಡಿಯೋದು. ಕೊರತೆ ಅನ್ಸುತ್ತೆ, ಅಲ್ವಾ? ಅದೇ ಅದರ ಲಾಭ! ಸಿಕ್ಕುಗಟ್ಟಿದ ನೂರು ವೈರ್‌ಗಳಲ್ಲಿ ಎರಡಕ್ಕೆ ಮಾತ್ರ ಕಪ್ಪು ಟೇಪ್ ಸುತ್ತಿದ ಹಾಗೆ, ಆ ಎರಡನ್ನು ಕೊನೇವರೆಗೂ ಹಿಂಬಾಲಿಸಬಹುದು.

ತೊಂದರೆ ಏನಂದ್ರೆ ಒಮ್ಮೆ ಬಣ್ಣ ಬಂದರೆ ಮತ್ತೊಮ್ಮೆ ಬರುತ್ತಿರಲಿಲ್ಲ. ಕಹಾಲ್ ಮಾಡಿದ್ದು ಎರಡು ಬದಲಾವಣೆ. ಇಡೀ ಪ್ರಕ್ರಿಯೆಯನ್ನು ಎರಡು ಸಲ ಮಾಡಿದರು. ಮತ್ತೆ, ಬೆಳೆದ ಪ್ರಾಣಿಯ ಬದಲು ಭ್ರೂಣಗಳನ್ನೂ ಎಳೆಯ ಮರಿಗಳನ್ನೂ ತಗೊಂಡರು. ಅವುಗಳ ನರಗಳಿಗೆ ಮಯಲಿನ್ ಹೊದಿಕೆ ಇನ್ನೂ ಪೂರ್ತಿ ಬಂದಿರಲ್ಲ, ಬಣ್ಣ ಒಳಗೆ ಇಳಿಯುತ್ತದೆ. ಎಷ್ಟು ಸರಳ ಐಡಿಯಾ!

1888ರಲ್ಲಿ ಬಾರ್ಸಿಲೋನಾದಲ್ಲಿ ಹಕ್ಕಿಗಳ ಸೆರಿಬೆಲಮ್ ನೋಡುವಾಗ, ಒಂದು ಕೋಶದ ಎಳೆಗಳು ಇನ್ನೊಂದು ಕೋಶವನ್ನು ಬುಟ್ಟಿಯ ಹಾಗೆ ಸುತ್ತಿಕೊಂಡು ಅಲ್ಲೇ ಮುಗಿಯುವುದು ಕಂಡಿತು. ಒಳಗೆ ಸೇರಿಹೋಗುತ್ತಿರಲಿಲ್ಲ. ಆಗ ಗಾಲ್ಜಿ ಸೇರಿ ಬಹಳ ಜನ ನಂಬಿದ್ದು, ಇಡೀ ನರಮಂಡಲ ಒಂದೇ ಹೆಣೆದ ಬಲೆ ಅಂತ. ಕಹಾಲ್ ಸ್ವಂತ ಖರ್ಚಲ್ಲಿ ಪತ್ರಿಕೆ ಶುರುಮಾಡಿ, 60 ಪ್ರತಿ ಅಚ್ಚು ಹಾಕಿಸಿ, ವಿದೇಶಗಳಿಗೆ ಕಳಿಸಿದರು. ಸ್ಪ್ಯಾನಿಷ್ ಓದುವವರೇ ಕಮ್ಮಿ. 1889ರಲ್ಲಿ ಸ್ಲೈಡುಗಳನ್ನು ಕಟ್ಟಿಕೊಂಡು ತಾವೇ ಬರ್ಲಿನ್‌ನ ಸಮ್ಮೇಳನಕ್ಕೆ ಹೊರಟರು. ಭಾಷೆ ಬರದಿದ್ದರೂ ಸ್ಲೈಡ್ ನೋಡೋಕೆ ಕಣ್ಣು ಸಾಕಲ್ಲ. ಆಗಿನ ಹೆಸರಾಂತ ಪ್ರೊಫೆಸರ್ ಕ್ಯೋಲಿಕರ್ ಕಣ್ಣಿಟ್ಟು ನೋಡಿದರು, ಒಪ್ಪಿದರು.

1906ರ ನೊಬೆಲ್ ಗಾಲ್ಜಿ ಮತ್ತು ಕಹಾಲ್ ಇಬ್ಬರಿಗೂ ಬಂತು. ಗಾಲ್ಜಿ ತಮ್ಮ ಭಾಷಣದಲ್ಲೇ ನ್ಯೂರಾನ್ ಸಿದ್ಧಾಂತವನ್ನು ಅಲ್ಲಗಳೆದರು. ಮರುದಿನ ಕಹಾಲ್ ಮಾತಾಡಿದರು, ಗಾಲ್ಜಿಯ ವಿಧಾನದಿಂದಲೇ ಸಿಕ್ಕ ಸಾಕ್ಷ್ಯ ಇಟ್ಟುಕೊಂಡು. ಗಾಲ್ಜಿಯನ್ನು ಮೊಂಡ ಅನ್ನೋಕೆ ನನಗೆ ಮನಸ್ಸಿಲ್ಲ. ಯಾಕಂದ್ರೆ ಎರಡು ನರಕೋಶಗಳ ನಡುವಿನ ಸಂದು ಸುಮಾರು 20 ನ್ಯಾನೋಮೀಟರ್. ಬೆಳಕಿನ ಮೈಕ್ರೋಸ್ಕೋಪ್ ಸುಮಾರು 200 ನ್ಯಾನೋಮೀಟರ್‌ಗಿಂತ ಹತ್ತಿರದ ಎರಡು ಬಿಂದುಗಳನ್ನು ಬೇರೆ ಮಾಡಿ ತೋರಿಸಲಾರದು. ಅಂದರೆ ಇಬ್ಬರೂ ಜಗಳವಾಡಿದ ಆ ಸಂದು ಇಬ್ಬರ ಕಣ್ಣಿಗೂ ಬಿದ್ದಿರಲೇ ಇಲ್ಲ. ಕಹಾಲ್ ಎಳೆಗಳ ತುದಿ ನೋಡಿ ಅದನ್ನು ಊಹಿಸಿದ್ದರು. 1934ರಲ್ಲಿ ಅವರು ತೀರಿಕೊಂಡರು. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಆ ಸಂದು ಕಂಡಿದ್ದು 1950ರ ದಶಕದಲ್ಲಿ.