ಚಾರ್ಲ್ಸ್ ಸ್ಕಾಟ್ ಶೆರಿಂಗ್ಟನ್

ಸರ್ ಚಾರ್ಲ್ಸ್ ಸ್ಕಾಟ್ ಶೆರಿಂಗ್ಟನ್ (27 ನವೆಂಬರ್ 1857 – 4 ಮಾರ್ಚ್ 1952) ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ. ನರಮಂಡಲವು ಸ್ನಾಯುಗಳನ್ನು ನಿಯಂತ್ರಿಸುವ ಬಗೆಯನ್ನು ಪ್ರಯೋಗಗಳ ಮೂಲಕ ವಿವರಿಸಿದವರಲ್ಲಿ ಇವರು ಪ್ರಮುಖರು. ನರಕೋಶಗಳ ಕಾರ್ಯವನ್ನು ಕುರಿತ ಶೋಧನೆಗಳಿಗಾಗಿ 1932ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಎಡ್ಗರ್ ಏಡ್ರಿಯನ್ ಅವರೊಂದಿಗೆ ಹಂಚಿಕೊಂಡರು.

ಜೀವನ

ಶೆರಿಂಗ್ಟನ್ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೂ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. 1895ರಲ್ಲಿ ಲಿವರ್‌ಪೂಲ್‌ನಲ್ಲಿ, 1913ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾದರು. 1920ರಿಂದ 1925ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. ಈಸ್ಟ್‌ಬೋರ್ನ್‌ನಲ್ಲಿ ನಿಧನ ಹೊಂದಿದರು.

ಸಂಶೋಧನೆ

ಮಂಡಿಯನ್ನು ಚಾಚುವ ಸ್ನಾಯು ಸಂಕುಚಿಸಿದಾಗ ಅದನ್ನು ಮಡಿಸುವ ಸ್ನಾಯು ಸಡಿಲಗೊಳ್ಳುತ್ತದೆ. ಈ ಸಡಿಲಿಕೆ ಕೇವಲ ವಿಶ್ರಾಂತಿಯಲ್ಲ, ಬೆನ್ನುಹುರಿಯಲ್ಲಿ ನಡೆಯುವ ಸಕ್ರಿಯ ಪ್ರತಿಬಂಧದ ಫಲ ಎಂದು ಶೆರಿಂಗ್ಟನ್ ತೋರಿಸಿದರು. ನರಕೋಶಗಳು ಪರಸ್ಪರ ಸಂಧಿಸುವ ಸ್ಥಳಕ್ಕೆ 1897ರಲ್ಲಿ ‘ಸಿನಾಪ್ಸ್’ ಎಂಬ ಹೆಸರನ್ನು ಬಳಕೆಗೆ ತಂದರು. ನರಮಂಡಲದ ಸಮನ್ವಯ ಕ್ರಿಯೆಯನ್ನು ಕುರಿತ ಇವರ ಪ್ರಸಿದ್ಧ ಗ್ರಂಥ 1906ರಲ್ಲಿ ಪ್ರಕಟವಾಯಿತು.

1920ರ ದಶಕದಲ್ಲಿ ಇವರು ಸಹೋದ್ಯೋಗಿಗಳೊಂದಿಗೆ ‘ಚಾಲಕ ಘಟಕ’ದ ಪರಿಕಲ್ಪನೆಯನ್ನು ರೂಪಿಸಿದರು. ಒಂದು ಚಾಲಕ ನರಕೋಶವೂ ಅದರ ಆಜ್ಞೆಗೆ ಒಳಪಟ್ಟ ಎಲ್ಲ ಸ್ನಾಯುತಂತುಗಳೂ ಸೇರಿ ಒಂದು ಘಟಕವಾಗುತ್ತದೆ. ಕಣ್ಣನ್ನು ಚಲಿಸುವ ಸ್ನಾಯುಗಳ ಘಟಕದಲ್ಲಿ ಕೆಲವೇ ತಂತುಗಳಿದ್ದರೆ, ಕಾಲಿನ ದೊಡ್ಡ ಸ್ನಾಯುಗಳ ಘಟಕದಲ್ಲಿ ನೂರಾರು ತಂತುಗಳಿರುತ್ತವೆ. ಹೆಚ್ಚು ಘಟಕಗಳು ತೊಡಗಿದಂತೆ, ಅವುಗಳಿಗೆ ನರಸಂದೇಶಗಳು ವೇಗವಾಗಿ ಬಂದಂತೆ ಸ್ನಾಯುವಿನ ಬಲ ಏರುತ್ತದೆ.

ವ್ಯಾಯಾಮ ವಿಜ್ಞಾನದಲ್ಲಿ ಮಹತ್ವ

ಶೆರಿಂಗ್ಟನ್ ಅವರ ಪ್ರಯೋಗಗಳು ಮುಖ್ಯವಾಗಿ ಪ್ರಾಣಿಗಳ ಪ್ರತಿವರ್ತನಗಳಿಗೆ ಸಂಬಂಧಿಸಿದ್ದವು. ಭಾರ ಎತ್ತುವ ತರಬೇತಿ ಅವುಗಳ ವಿಷಯವಾಗಿರಲಿಲ್ಲ. ಆದರೂ ದೇಹಬಲದ ಇಂದಿನ ಅಧ್ಯಯನ ಇವರ ಪರಿಕಲ್ಪನೆಗಳನ್ನು ಆಧರಿಸಿದೆ. ತರಬೇತಿಯ ಮೊದಲ ವಾರಗಳಲ್ಲಿ ಸ್ನಾಯುವಿನ ಗಾತ್ರ ಹೆಚ್ಚು ಬದಲಾಗದಿದ್ದರೂ ಬಲ ಹೆಚ್ಚುತ್ತದೆ. ಚಾಲಕ ಘಟಕಗಳನ್ನು ನರಮಂಡಲವು ಹೆಚ್ಚು ಸಮರ್ಥವಾಗಿ ಬಳಸಲು ಕಲಿಯುವುದು ಇದಕ್ಕೆ ಮುಖ್ಯ ಕಾರಣ. ಒಂದೇ ತೋಳಿಗೆ ತರಬೇತಿ ನೀಡಿದರೂ ಇನ್ನೊಂದು ತೋಳಿನ ಬಲ ಸ್ವಲ್ಪಮಟ್ಟಿಗೆ ಹೆಚ್ಚುವುದು ಇದನ್ನು ಸಮರ್ಥಿಸುತ್ತದೆ. ಗಾತ್ರದ ಬೆಳವಣಿಗೆ ಅನಂತರ ಪ್ರಾಮುಖ್ಯ ಪಡೆಯುತ್ತದೆ. ನರದ ಸಂಪರ್ಕ ಕಡಿದುಹೋದ ಸ್ನಾಯುವಾದರೋ ಕ್ರಮೇಣ ಕ್ಷೀಣಿಸುತ್ತದೆ.

ಶಿಷ್ಯರು

ಶೆರಿಂಗ್ಟನ್ ಅವರ ಬಳಿ ಕೆಲಸ ಮಾಡಿದ ಹೊವಾರ್ಡ್ ಫ್ಲೋರಿ, ಜಾನ್ ಎಕ್ಲಿಸ್ ಮತ್ತು ರಾಗ್ನರ್ ಗ್ರಾನಿಟ್ ಮುಂದೆ ನೊಬೆಲ್ ಪ್ರಶಸ್ತಿ ಪಡೆದರು. ಇವರಲ್ಲಿ ಎಕ್ಲಿಸ್ ಸಿನಾಪ್ಸ್‌ಗಳಲ್ಲಿನ ಪ್ರಚೋದನೆ ಹಾಗೂ ಪ್ರತಿಬಂಧದ ಅಧ್ಯಯನವನ್ನು ಮುಂದುವರಿಸಿ, ಅದಕ್ಕಾಗಿ 1963ರಲ್ಲಿ ಆ ಪ್ರಶಸ್ತಿಗೆ ಪಾತ್ರರಾದರು.